ಮೋಡಗಳ ಲೆಕ್ಕವಿಟ್ಟ ಚಿತ್ರಕಾರ

1821ರ ಸೆಪ್ಟೆಂಬರ್ 11. ಬೆಳಗಿನ ಹತ್ತರಿಂದ ಹನ್ನೊಂದು ಗಂಟೆ. ಬಿಸಿಲಿಗೆದುರಾಗಿ ಬೆಳ್ಳಿ ಮಿಶ್ರಿತ ಬೂದುಬಣ್ಣದ ಮೋಡಗಳು. ಸೆಖೆ. ನೈರುತ್ಯದ ಕಡೆಯ ಸಣ್ಣ ಗಾಳಿ. ದಿನವೆಲ್ಲ ಹವೆ ಚೆನ್ನಾಗಿತ್ತು, ರಾತ್ರಿ ಮಾತ್ರ ಮಳೆ ಬಂತು.

ಇದು ಹವಾಮಾನ ಇಲಾಖೆಯ ದಾಖಲೆಪುಸ್ತಕದಲ್ಲಿರುವ ವಿವರವಲ್ಲ. ಒಂದು ಪುಟ್ಟ ತೈಲವರ್ಣ ಚಿತ್ರಕ್ಕೆ ಅದನ್ನು ಬರೆದವನೇ ಸೇರಿಸಿದ ಟಿಪ್ಪಣಿಯ ಸಾರಾಂಶ. ಲಂಡನ್ನಿನ ಹೊರಗಿದ್ದ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ, ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತಲೆಯೆತ್ತಿ ಆಕಾಶ ನೋಡುತ್ತ ಆತ ಇಂಥ ಹತ್ತಾರು ಚಿತ್ರಗಳನ್ನು 1821 ಮತ್ತು 1822ರಲ್ಲಿ ಬರೆದ. ಕೆಲವು ಚಿತ್ರಗಳಲ್ಲಿ ನೆಲವೇ ಇಲ್ಲ, ಮರವೂ ಇಲ್ಲ, ಬರೀ ಮೋಡ. ಅನೇಕ ಚಿತ್ರಗಳ ಬೆನ್ನಿಗೆ ತಾರೀಖು, ಗಂಟೆ, ಗಾಳಿಯ ದಿಕ್ಕು. ಆತನ ಹೆಸರು ಜಾನ್ ಕಾನ್‌ಸ್ಟೆಬಲ್. 1776ರ ಜೂನ್ 11ರಂದು ಹುಟ್ಟಿದ ಈ ಆಂಗ್ಲ ಚಿತ್ರಕಾರನನ್ನು ಜಗತ್ತು ಇಂದು ನಿಸರ್ಗದೃಶ್ಯ ಚಿತ್ರಕಲೆಯ ದಿಗ್ಗಜರಲ್ಲಿ ಒಬ್ಬನೆಂದು ಎಣಿಸುತ್ತದೆ. ಆದರೆ ಆತ ಮೋಡಗಳ ಲೆಕ್ಕವಿಡುತ್ತಿದ್ದಾಗ ವಯಸ್ಸು ನಲವತ್ತೈದು ದಾಟಿತ್ತು. ಮನೆ ತುಂಬ ಮಕ್ಕಳು, ಕಾಯಿಲೆಯ ಹೆಂಡತಿ. ಚಿತ್ರಗಳನ್ನು ಕೊಳ್ಳುವವರು ಮಾತ್ರ ಬೆರಳೆಣಿಕೆಯಷ್ಟು.

ನಮ್ಮ ಶಾಲೆಗಳ ಡ್ರಾಯಿಂಗ್ ಕ್ಲಾಸಿನಲ್ಲಿ ಪ್ರಕೃತಿ ದೃಶ್ಯ ಬರೆಯಿರಿ ಎಂದರೆ ಸಾಕು, ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಕೆಳಗೆ ಹರಿಯುವ ಹೊಳೆ, ಪಕ್ಕದಲ್ಲೊಂದು ಗುಡಿಸಲು, ತೆಂಗಿನ ಮರ ಸಿದ್ಧವಾಗಿಬಿಡುತ್ತವೆ. ಗುಡ್ಡವನ್ನೇ ಕಾಣದ ಬಯಲುಸೀಮೆಯ ಹುಡುಗನೂ ಅದನ್ನೇ ಬರೆಯುತ್ತಾನೆ! ಕಾನ್‌ಸ್ಟೆಬಲ್‌ನ ಕಾಲದ ದೊಡ್ಡ ಕಲಾವಿದರೂ ಇಂಥದೊಂದು ಸೂತ್ರಕ್ಕೆ ಗಂಟುಬಿದ್ದಿದ್ದರು. ಒಂದು ಬದಿಗೆ ಕಂದುಬಣ್ಣದ ಮರ, ನಡುವೆ ಹೊಳೆಯುವ ನೀರು, ದೂರದಲ್ಲಿ ನೀಲಿ ಬೆಟ್ಟ, ಎಲ್ಲೋ ಒಂದು ಕಡೆ ಪಾಳುಬಿದ್ದ ಗುಡಿ. ಪುರಾಣದ, ಇತಿಹಾಸದ ಪ್ರಸಂಗಗಳನ್ನು ಬರೆಯುವುದೇ ಶ್ರೇಷ್ಠ. ಶ್ರೀಮಂತರ ಭಾವಚಿತ್ರ ಬರೆದರೆ ಹಣ. ಬರೀ ಹೊಲಗದ್ದೆ, ಹಳ್ಳಕೊಳ್ಳ ಬರೆಯುವವನು ಕೆಳಗಿನ ಪಂಕ್ತಿಯವನು ಎಂಬ ಭಾವನೆ ಆಗ ಗಟ್ಟಿಯಾಗಿತ್ತು.

ಗಿರಣಿಯವನ ಮಗ

ಇಂಗ್ಲೆಂಡಿನ ಪೂರ್ವಕ್ಕಿರುವ ಸಫೊಕ್ ಪ್ರಾಂತ್ಯದ ಈಸ್ಟ್ ಬರ್ಗ್‌ಹೋಲ್ಟ್ ಕಾನ್‌ಸ್ಟೆಬಲ್‌ನ ಊರು. ತಂದೆ ಗೋಲ್ಡಿಂಗ್ ಕಾನ್‌ಸ್ಟೆಬಲ್ ಧಾನ್ಯದ ವರ್ತಕ, ಸ್ಥಿತಿವಂತ. ಸ್ಟೌರ್ ನದಿಯ ದಡದ ಫ್ಲ್ಯಾಟ್‌ಫರ್ಡ್‌ನಲ್ಲಿ ಅವನದೊಂದು ನೀರಿನ ಗಿರಣಿ, ಮುಂದೆ ಡೆಡಮ್‌ನಲ್ಲಿ ಇನ್ನೊಂದು, ಊರ ಬಯಲಿನಲ್ಲಿ ಗಾಳಿಗಿರಣಿ. ಹಿಟ್ಟನ್ನೂ ಧಾನ್ಯವನ್ನೂ ಲಂಡನ್ನಿಗೆ ಸಾಗಿಸಲು ಸ್ವಂತ ಹಡಗು ಬೇರೆ. ಹಿರಿಯ ಮಗ ಬುದ್ಧಿಮಾಂದ್ಯನಾಗಿದ್ದುದರಿಂದ ವ್ಯಾಪಾರವೆಲ್ಲ ಎರಡನೆಯವನಾದ ಜಾನ್‌ನ ಹೆಗಲಿಗೆ ಬರಬೇಕೆಂದು ತಂದೆಯ ಎಣಿಕೆ. ಅದು ತಪ್ಪೆಂದು ಯಾರು ಹೇಳಿಯಾರು? ಕಟ್ಟಿ ಬೆಳೆಸಿದ ಅಂಗಡಿಯನ್ನು ಮಗನ ಕೈಗೆ ಕೊಡಲು ಬಯಸದ ತಂದೆ ಯಾವ ದೇಶದಲ್ಲೂ ಇಲ್ಲ.

ಶಾಲೆ ಮುಗಿಸಿದ ಜಾನ್ ಗಿರಣಿಯ ಕೆಲಸಕ್ಕೆ ಸೇರಿದ. ಗಾಳಿಗಿರಣಿಯ ಮರದ ತೊಲೆಯೊಂದರ ಮೇಲೆ ತನ್ನ ಹೆಸರನ್ನೂ 1792 ಎಂಬ ಇಸವಿಯನ್ನೂ ಕೆತ್ತಿದ. ಆಗ ಅವನಿಗೆ ಹದಿನಾರರ ಹರೆಯ. ಗಾಳಿಗಿರಣಿಯನ್ನು ನೋಡಿಕೊಳ್ಳುವವನು ಆಕಾಶದ ಮೇಲೆ ಕಣ್ಣಿಡಲೇಬೇಕು. ಗಾಳಿ ತಿರುಗಿದರೆ ರೆಕ್ಕೆ ತಿರುಗಿಸಬೇಕು, ಬಿರುಗಾಳಿಯ ಸೂಚನೆ ಕಂಡರೆ ಪಟ ಇಳಿಸಬೇಕು. ತಡವಾದರೆ ಗಿರಣಿಯೇ ಮುರಿದೀತು. ಮುಂದೆ ಚಿತ್ರಕಾರನಿಗೆ ಒದಗಿಬಂದ ಮೊದಲ ಪಾಠ ಇದೇ. ಕಲಾಶಾಲೆಯ ಯಾವ ಗುರುವೂ ಕಲಿಸಲಾರದ್ದನ್ನು ತಂದೆಯ ಗಿರಣಿ ಕಲಿಸಿತ್ತು. ಜಾನ್ ಬರೆದ ಗಿರಣಿಯ ಚಿತ್ರ ನೋಡಿದರೆ ಅದು ನಿಜಕ್ಕೂ ತಿರುಗುತ್ತದೆ ಅನ್ನಿಸುತ್ತದೆ, ಬೇರೆಯವರು ಬರೆದವು ಯಾವಾಗಲೂ ಹಾಗಲ್ಲ ಎಂದು ಅವನ ತಮ್ಮ ಏಬ್ರಮ್ ಹೇಳಿದನಂತೆ. ಗಿರಣಿ ನಡೆಸಿದವನ ಮಾತು, ತಕ್ಕಡಿಯಲ್ಲಿ ತೂಗಿದ ಹಾಗೆ.

ಬಿಡುವು ಸಿಕ್ಕಾಗಲೆಲ್ಲ ಜಾನ್ ಊರಿನ ಜಾನ್ ಡನ್‌ಥಾರ್ನ್ ಎಂಬವನ ಜೊತೆ ಹೊಲಗಳ ಕಡೆ ಹೋಗಿ ಚಿತ್ರ ಬರೆಯುತ್ತಿದ್ದ. ಡನ್‌ಥಾರ್ನ್‌ನ ಕಸುಬು ಕೊಳಾಯಿ ಮತ್ತು ಕಿಟಕಿ ಗಾಜಿನ ಕೆಲಸ, ಚಿತ್ರಕಲೆ ಹುಚ್ಚು. ಕೊನೆಗೆ 1799ರಲ್ಲಿ ತಂದೆ ಒಲ್ಲದ ಮನಸ್ಸಿನಿಂದ ಒಪ್ಪಿ, ಒಂದಿಷ್ಟು ಖರ್ಚಿನ ಹಣವನ್ನೂ ಗೊತ್ತುಮಾಡಿ, ಮಗನನ್ನು ಲಂಡನ್ನಿನ ರಾಯಲ್ ಅಕಾಡೆಮಿಯ ಕಲಾಶಾಲೆಗೆ ಕಳುಹಿಸಿದ. ಗಿರಣಿಯ ಜವಾಬ್ದಾರಿಯನ್ನು ಮುಂದೆ ಏಬ್ರಮ್ ಹೊತ್ತ. ಈ ತಮ್ಮ ಇಲ್ಲದಿದ್ದರೆ ಇಂಗ್ಲೆಂಡಿಗೆ ಒಬ್ಬ ದೊಡ್ಡ ಚಿತ್ರಕಾರ ದಕ್ಕುತ್ತಿದ್ದನೋ ಇಲ್ಲವೋ.

ಮೂರು ವರ್ಷ ಕಳೆಯುವುದರೊಳಗೆ ಪರೀಕ್ಷೆಯೊಂದು ಎದುರಾಯಿತು. 1802ರಲ್ಲಿ ಗ್ರೇಟ್ ಮಾರ್ಲೋದ ಸೈನಿಕ ಕಾಲೇಜಿನಲ್ಲಿ ಡ್ರಾಯಿಂಗ್ ಮೇಷ್ಟರ ಹುದ್ದೆ ಅವನಿಗೆ ಸಿಗುವುದರಲ್ಲಿತ್ತು. ಖಾಯಂ ನೌಕರಿ, ತಿಂಗಳು ತಿಂಗಳಿಗೆ ಚಿಂತೆಯಿಲ್ಲ. ಮನೆಯವರಿಗೆ ಎಷ್ಟು ಸಮಾಧಾನವಾಗುತ್ತಿತ್ತೋ! ರಾಯಲ್ ಅಕಾಡೆಮಿಯ ಅಧ್ಯಕ್ಷ ಬೆಂಜಮಿನ್ ವೆಸ್ಟ್ ಮಾತ್ರ ಬೇಡವೆಂದು ಬುದ್ಧಿ ಹೇಳಿದ. ಕಾನ್‌ಸ್ಟೆಬಲ್ ಆ ಕೆಲಸವನ್ನು ನಿರಾಕರಿಸಿದ. ಅದೇ ಬೇಸಿಗೆಯ ಮುನ್ನ ಡನ್‌ಥಾರ್ನ್‌ಗೆ ಬರೆದ ಕಾಗದದಲ್ಲಿ, ತಾನು ಇಷ್ಟು ದಿನ ಬೇರೆಯವರ ಚಿತ್ರಗಳ ಹಿಂದೆ ಓಡಿ ಎರಡನೆಯ ಕೈಯಿಂದ ಸತ್ಯ ಪಡೆಯಲು ಹೊರಟಿದ್ದೆ, ಇನ್ನು ಊರಿಗೆ ಬಂದು ನೇರವಾಗಿ ನಿಸರ್ಗವನ್ನೇ ನೋಡಿ ಬರೆಯುತ್ತೇನೆ ಎಂಬರ್ಥದ ಮಾತು ಬರೆದ. ಇಪ್ಪತ್ತಾರರ ಪ್ರಾಯದಲ್ಲಿ ಮಾಡಿದ ಆ ನಿರ್ಧಾರದ ಬೆಲೆಯನ್ನು ಮುಂದಿನ ಇಪ್ಪತ್ತು ವರ್ಷ ತೆರಬೇಕಾಯಿತು. ಹೊಟ್ಟೆಪಾಡಿಗಾಗಿ ನೆರೆಹೊರೆಯ ಜಮೀನುದಾರರ, ರೈತರ ಭಾವಚಿತ್ರ ಬರೆದ. ಮನಸ್ಸಿಲ್ಲದ ಕೆಲಸ, ಆದರೂ ಮಾಡಿದ.

ಓರಗೆಯವನಾದ ಟರ್ನರ್‌ನ ಕತೆ ಬೇರೆ. ಕಾನ್‌ಸ್ಟೆಬಲ್‌ಗಿಂತ ಒಂದೇ ವರ್ಷ ದೊಡ್ಡವನಾದ ಅವನು ಇಪ್ಪತ್ತಾರಕ್ಕೇ ಅಕಾಡೆಮಿಯ ಪೂರ್ಣ ಸದಸ್ಯನಾಗಿದ್ದ. ಆಲ್ಪ್ಸ್, ವೆನಿಸ್ ಎಂದು ಸುತ್ತಿ ಬರುತ್ತಿದ್ದ. ಕಾನ್‌ಸ್ಟೆಬಲ್ ಜೀವಮಾನದಲ್ಲಿ ಇಂಗ್ಲೆಂಡ್ ಬಿಟ್ಟು ಹೊರಗೆ ಕಾಲಿಡಲಿಲ್ಲ. 1806ರಲ್ಲಿ ಸರೋವರಗಳ ಬೆಟ್ಟದ ಸೀಮೆಗೆ ಹೋಗಿಬಂದರೂ ಅವನ ಮನಸ್ಸು ನೆಟ್ಟಿದ್ದು ತನ್ನೂರಿನ ಸುತ್ತಣ ಕೆಲವೇ ಮೈಲಿಗಳಲ್ಲಿ. ಗಿರಣಿಯ ಒಡ್ಡಿನಿಂದ ನೀರು ಧುಮುಕುವ ಸದ್ದು, ಕೊಳೆತ ಹಲಗೆ, ಜಾರುವ ಕಂಬ, ಇಟ್ಟಿಗೆಯ ಗೋಡೆ, ಇವೇ ತನ್ನನ್ನು ಚಿತ್ರಕಾರನನ್ನಾಗಿ ಮಾಡಿದವು ಎಂದು ಅವನು ಕೃತಜ್ಞತೆಯಿಂದ ನೆನೆಯುತ್ತಿದ್ದ.

ಏಳು ವರ್ಷ ಕಾದ ಮದುವೆ

1809ರಲ್ಲಿ ಮರಿಯಾ ಬಿಕ್‌ನೆಲ್ ಎಂಬ ತರುಣಿಯನ್ನು ಅವನು ಪ್ರೀತಿಸಿದ. ಅವಳ ತಂದೆ ನೌಕಾ ಇಲಾಖೆಯ ವಕೀಲ. ತಾಯಿಯ ತಂದೆ ಡಾಕ್ಟರ್ ರಡ್, ಈಸ್ಟ್ ಬರ್ಗ್‌ಹೋಲ್ಟ್‌ನ ಪಾದ್ರಿ, ಹಣವಂತ, ಅಷ್ಟೇ ಹಠವಾದಿ. ಗಿರಣಿಯವನ ಮಗ, ಅದರಲ್ಲೂ ಗಳಿಕೆಯಿಲ್ಲದ ಚಿತ್ರಗಾರ, ತನ್ನ ಮೊಮ್ಮಗಳಿಗೆ ತಕ್ಕ ವರನಲ್ಲವೆಂದು ಮುದುಕ ಪಟ್ಟುಹಿಡಿದ. ಮದುವೆಯಾದರೆ ಆಸ್ತಿಯಲ್ಲಿ ಬಿಡಿಗಾಸು ಇಲ್ಲವೆಂಬ ಬೆದರಿಕೆ. ಹಣವಿಲ್ಲದೆ ಸಂಸಾರ ಸಾಗದು ಎಂದು ಮರಿಯಾ ಕೂಡ ಬುದ್ಧಿಪೂರ್ವಕವಾಗಿ ತಡೆದಳು. ಕಾಗದಗಳಲ್ಲೇ ಏಳು ವರ್ಷ ಕಳೆಯಿತು. 1815ರಲ್ಲಿ ತಾಯಿ, 1816ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆತನದ ವ್ಯಾಪಾರದಲ್ಲಿ ಜಾನ್‌ಗೂ ಒಂದು ಪಾಲು ಬಂತು. ಆ ವರ್ಷದ ಅಕ್ಟೋಬರ್ 2ರಂದು ಸ್ನೇಹಿತನಾದ ಪಾದ್ರಿ ಜಾನ್ ಫಿಷರ್ ಲಂಡನ್ನಿನ ಚರ್ಚಿನಲ್ಲಿ ಮದುವೆ ಮಾಡಿಸಿದ. ವರನಿಗೆ ನಲವತ್ತು, ವಧುವಿಗೆ ಇಪ್ಪತ್ತೆಂಟು.

ಮದುವೆಯ ನಂತರವೇ ಅವನ ಕುಂಚಕ್ಕೆ ಧೈರ್ಯ ಬಂದಿತು. ಹೊಲದ ಬದಿಯ ಸಾಮಾನ್ಯ ನೋಟವನ್ನು ಆರಡಿ ಅಗಲದ ದೊಡ್ಡ ಕ್ಯಾನ್ವಾಸ್‌ಗೆ ತಂದ. ಅಷ್ಟು ದೊಡ್ಡ ಅಳತೆ ಅಲ್ಲಿಯವರೆಗೆ ರಾಜರಿಗೂ ಯುದ್ಧಗಳಿಗೂ ಮೀಸಲು. 1819ರ ‘ಬಿಳಿ ಕುದುರೆ’ ಚಿತ್ರವನ್ನು ಫಿಷರ್ 100 ಗಿನಿ ಕೊಟ್ಟು ಕೊಂಡ. ಅದೇ ವರ್ಷ ಅಕಾಡೆಮಿಯ ಸಹಸದಸ್ಯತ್ವವೂ ಸಿಕ್ಕಿತು. ದೊಡ್ಡ ಚಿತ್ರಗಳಿಗೆ ಅವನದೇ ಒಂದು ಕ್ರಮವಿತ್ತು. ಬಯಲಿನಲ್ಲಿ ಬರೆದ ಸಣ್ಣ ಸಣ್ಣ ಸ್ಕೆಚ್‌ಗಳನ್ನು ಮುಂದಿಟ್ಟುಕೊಂಡು ಮೊದಲು ಆರಡಿಯ ಕರಡು ಚಿತ್ರವನ್ನೇ ತೈಲವರ್ಣದಲ್ಲಿ ಬರೆಯುತ್ತಿದ್ದ. ಬೆಳಕು ನೆರಳು ಎಲ್ಲಿ ಬೀಳಬೇಕೆಂದು ಅಲ್ಲಿ ಗೊತ್ತುಮಾಡಿಕೊಂಡ ಮೇಲೆ ಪ್ರದರ್ಶನದ ಚಿತ್ರ. ಪರೀಕ್ಷೆಗೆ ಮುಂಚೆ ಇಡೀ ಉತ್ತರಪತ್ರಿಕೆಯನ್ನು ಒಮ್ಮೆ ಬರೆದು ನೋಡುವವರಂತೆ. ಇಂದಿನ ಹಲವರ ಕಣ್ಣಿಗೆ ಆ ಕರಡುಗಳೇ ಹೆಚ್ಚು ಜೀವಂತವಾಗಿ ಕಾಣುತ್ತವೆ.

1821ರ ‘ಹೇ ವೇನ್’ (ಹುಲ್ಲಿನ ಗಾಡಿ) ಹುಟ್ಟಿದ್ದು ಹೀಗೆಯೇ. ಫ್ಲ್ಯಾಟ್‌ಫರ್ಡ್ ಗಿರಣಿಯ ಪಕ್ಕದ ನೀರಿನಲ್ಲಿ ಕುದುರೆಗಳು ಎಳೆಯುವ ಬರಿದಾದ ಗಾಡಿಯೊಂದು ನಿಂತಿದೆ. ಎಡಕ್ಕೆ ವಿಲ್ಲಿ ಲಾಟ್ ಎಂಬ ರೈತನ ಮನೆ. ಆ ಮನೆಯಲ್ಲಿ ಎಂಬತ್ತು ವರ್ಷ ಬದುಕಿದ ಲಾಟ್ ನಾಲ್ಕು ದಿನವೂ ಹೊರಗೆ ತಂಗಿರಲಿಲ್ಲವೆಂದು ಪ್ರತೀತಿ. ದಡದಲ್ಲಿ ಒಂದು ನಾಯಿ. ದೂರದ ಹುಲ್ಲುಗಾವಲಿನಲ್ಲಿ ಕೊಯ್ಲಿನವರು ಚುಕ್ಕೆಗಳಂತೆ ಕಾಣುತ್ತಾರೆ. ಮೇಲೆ ಅರ್ಧ ಆಕಾಶ. ಒಂದು ಕಡೆ ಮಳೆಮೋಡ, ಇನ್ನೊಂದು ಕಡೆ ಬಿಸಿಲು, ಅದರ ನೆರಳು ಗದ್ದೆಯ ಮೇಲೆ ಓಡುತ್ತಿದೆ. ಗಾಡಿ ನೀರಿನಲ್ಲಿ ಯಾಕೆ ನಿಂತಿತು? ಬೇಸಿಗೆಯಲ್ಲಿ ಮರದ ಗಾಲಿ ಒಣಗಿ ಕುಗ್ಗಿದರೆ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ. ನೀರಲ್ಲಿ ನೆನೆದರೆ ಮರ ಉಬ್ಬಿ ಪಟ್ಟಿ ಬಿಗಿಯಾಗುತ್ತದೆ ಎಂಬ ವಿವರಣೆಯುಂಟು. ಎತ್ತಿನ ಗಾಡಿ ಹೊಡೆದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರವನ್ನು ಬರೆದದ್ದು ಲಂಡನ್ನಿನಲ್ಲಿ. ಗಾಡಿಯ ರಚನೆ ಸರಿಯಾಗಿ ನೆನಪಾಗದೆ ಅವನು ಊರಿಗೆ ಹೇಳಿಕಳುಹಿಸಿದಾಗ ಡನ್‌ಥಾರ್ನ್‌ನ ಮಗ ಫೆಬ್ರವರಿಯ ಚಳಿಯಲ್ಲಿ ನಿಂತು ಗಾಡಿಯ ನಕ್ಷೆ ಬರೆದು ಕಳುಹಿಸಿದ.

ಹಸಿರನ್ನು ಹಸಿರಾಗಿಯೇ ಬರೆದದ್ದು ಆಗ ದೊಡ್ಡ ಸಾಹಸ. ಹಳೆಯ ಚಿತ್ರಗಳು ವಾರ್ನಿಷ್ ಮಾಗಿ ಕಂದಾಗಿದ್ದವು. ರಸಿಕರು ಆ ಕಂದನ್ನೇ ನಿಸರ್ಗದ ಬಣ್ಣವೆಂದು ನಂಬಿದ್ದರು. ಕಲಾಪೋಷಕ ಸರ್ ಜಾರ್ಜ್ ಬ್ಯೂಮಂಟ್, ಚಿತ್ರದ ಬಣ್ಣ ಹಳೆಯ ಪಿಟೀಲಿನಂತಿರಬೇಕು ಎಂದನಂತೆ. ಕಾನ್‌ಸ್ಟೆಬಲ್ ವಾದ ಮಾಡಲಿಲ್ಲ. ಒಂದು ಪಿಟೀಲನ್ನು ತಂದು ಮನೆಯ ಮುಂದಿನ ಹಸಿರು ಹುಲ್ಲಿನ ಮೇಲೆ ಇಟ್ಟ! ಒಂದೇ ಹಸಿರನ್ನು ಬಳಿಯುವ ಬದಲು ಹಲವು ಬಗೆಯ ಹಸಿರನ್ನು ಅಕ್ಕಪಕ್ಕ ಇಡುತ್ತಿದ್ದುದರಿಂದ ಅವನ ಹುಲ್ಲುಗಾವಲು ಮಿಡಿಯುತ್ತದೆ. ಎಲೆಯ ಮೇಲಿನ ಇಬ್ಬನಿಗೆ, ನೀರಿನ ಮಿನುಗಿಗೆ ಬಿಳಿಯ ಚುಕ್ಕೆಗಳನ್ನು ಸಿಡಿಸುತ್ತಿದ್ದ. ವಿಮರ್ಶಕರು ಅದನ್ನು ಸುಣ್ಣ, ಹಿಮ ಎಂದು ಗೇಲಿ ಮಾಡಿದರು. ಸ್ನೇಹಿತನ ಚಿಕ್ಕಪ್ಪನಾದ ಸಾಲ್ಸ್‌ಬರಿಯ ಬಿಷಪ್ ತಾನೇ ಬರೆಯಿಸಿದ ಚರ್ಚಿನ ಚಿತ್ರದಲ್ಲಿ ಕಪ್ಪು ಮೋಡ ಕಂಡು ಮುಖ ಸಿಂಡರಿಸಿದ. ತಿಳಿಯಾದ ಆಕಾಶ ಬೇಕೆಂದ. ಕಾನ್‌ಸ್ಟೆಬಲ್ ಬೇರೊಂದು ಪ್ರತಿ ಬರೆದು ಮೋಡ ಸರಿಸಬೇಕಾಯಿತು.

‘ಹೇ ವೇನ್’ಗೆ ಲಂಡನ್ ಪ್ರದರ್ಶನದಲ್ಲಿ ಗಿರಾಕಿ ಸಿಗಲಿಲ್ಲ. 1824ರಲ್ಲಿ ಪ್ಯಾರಿಸ್ಸಿನ ವ್ಯಾಪಾರಿ ಜಾನ್ ಆ್ಯರೋಸ್ಮಿತ್ ಅದನ್ನೂ, ಇನ್ನೊಂದು ದೊಡ್ಡ ಚಿತ್ರವನ್ನೂ, ಜೊತೆಗೊಂದು ಸಣ್ಣದನ್ನೂ ಸೇರಿಸಿ 250 ಪೌಂಡಿಗೆ ಕೊಂಡ. ಆ ವರ್ಷದ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಜನ ಬೆರಗಾದರು. ದೊರೆ ಹತ್ತನೆಯ ಚಾರ್ಲ್ಸ್‌ನ ಚಿನ್ನದ ಪದಕ ಬಂತು. ತರುಣ ಕಲಾವಿದ ದೆಲಕ್ರಾ ಈ ಚಿತ್ರಗಳನ್ನು ನೋಡಿ ತನ್ನ ‘ಕಿಯೋಸ್ ಹತ್ಯಾಕಾಂಡ’ ಚಿತ್ರದ ಭಾಗಗಳನ್ನು ಮತ್ತೆ ತಿದ್ದಿದನೆಂದು ಹೇಳುತ್ತಾರೆ. ಬಯಲಿನ ಬೆಳಕನ್ನು ಅರಸಿ ಹೊರಟ ಮುಂದಿನ ಫ್ರೆಂಚ್ ಚಿತ್ರಕಾರರಿಗೆ ಈ ಗಿರಣಿಯವನ ಮಗ ದಾರಿ ತೋರಿದ. ಸ್ವದೇಶಕ್ಕಿಂತ ಮೊದಲು ಪರದೇಶ ಗುರುತಿಸಿದ್ದು!

ಮೋಡದ ಶಾಸ್ತ್ರ

ಮರಿಯಾಳಿಗೆ ಕ್ಷಯ. ಲಂಡನ್ನಿನ ಹೊಗೆಯಿಂದ ತಪ್ಪಿಸಲೆಂದು 1819ರಿಂದ ಹ್ಯಾಂಪ್‌ಸ್ಟೆಡ್‌ನಲ್ಲಿ ಮನೆ ಹಿಡಿಯುತ್ತಿದ್ದರು. ಮೋಡಗಳ ಚಿತ್ರ ಹುಟ್ಟಿದ್ದು ಹೀಗೆ, ಹೆಂಡತಿಯ ಆರೋಗ್ಯಕ್ಕಾಗಿ ಹಿಡಿದ ಮನೆಯ ಸುತ್ತಿನ ಗುಡ್ಡದಲ್ಲಿ. ಲ್ಯೂಕ್ ಹೊವಾರ್ಡ್ ಎಂಬ ಲಂಡನ್ನಿನ ಔಷಧ ತಯಾರಕ 1803ರಲ್ಲಿ ಮೋಡಗಳಿಗೆ ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಎಂದು ಹೆಸರಿಟ್ಟು ವಿಂಗಡಿಸಿದ್ದ. ನಮ್ಮ ಭೂಗೋಳದ ಪಾಠದಲ್ಲಿ ಹಿಮಕಣ ಮೋಡ, ರಾಶಿ ಮೋಡ, ಪದರು ಮೋಡ ಎಂದು ವಿದ್ಯಾರ್ಥಿಗಳು ಓದುವುದು ಅವನ್ನೇ. ಈ ವಿಂಗಡಣೆಯನ್ನು ವಿವರಿಸಿದ ಥಾಮಸ್ ಫಾರ್ಸ್ಟರ್‌ನ ಪುಸ್ತಕ ಕಾನ್‌ಸ್ಟೆಬಲ್‌ನ ಬಳಿ ಇತ್ತು. ಅದರ ಅಂಚುಗಳಲ್ಲಿ ಅವನು ತನ್ನ ಟೀಕೆ ಗೀಚಿದ್ದಾನೆ. ಒಪ್ಪದ ಕಡೆ ಒಪ್ಪಲಿಲ್ಲ ಎಂದೇ ಬರೆದ.

ಹೊಲದ ಗಿಡಗಳ ವಿಷಯದಲ್ಲೂ ಅಷ್ಟೇ ಎಚ್ಚರ. 1826ರ ‘ಕಾರ್ನ್‌ಫೀಲ್ಡ್’ ಚಿತ್ರಕ್ಕೆ ಜುಲೈ ತಿಂಗಳಲ್ಲಿ ಯಾವ ಯಾವ ಗಿಡ ಹೂಬಿಟ್ಟಿರುತ್ತದೆಂದು ಸಸ್ಯಶಾಸ್ತ್ರ ಬಲ್ಲ ಗೆಳೆಯ ಹೆನ್ರಿ ಫಿಲಿಪ್ಸ್ ಪಟ್ಟಿ ಮಾಡಿ ಬರೆದುಕೊಟ್ಟ. 1836ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ಕೊಡುತ್ತ, ನಿಸರ್ಗಚಿತ್ರವನ್ನು ವಿಜ್ಞಾನದ ಒಂದು ಶಾಖೆಯೆಂದೂ, ಚಿತ್ರಗಳನ್ನು ಅದರ ಪ್ರಯೋಗಗಳೆಂದೂ ಯಾಕೆ ಪರಿಗಣಿಸಬಾರದೆಂದು ಕೇಳಿದ. ವಿಜ್ಞಾನ ಬೇರೆ, ಕಲೆ ಬೇರೆ ಎಂದು ಹತ್ತನೆಯ ತರಗತಿ ಮುಗಿದೊಡನೆ ಮಕ್ಕಳನ್ನು ಎರಡು ಸಾಲು ಮಾಡಿ ನಿಲ್ಲಿಸುವ ನಾವು ಈ ಪ್ರಶ್ನೆಯನ್ನು ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ.

ಆದರೆ ಆ ಚಿತ್ರಗಳಲ್ಲಿ ಎಲ್ಲವೂ ಇದೆಯೆಂದಲ್ಲ. ಅವನು ಬರೆಯುತ್ತಿದ್ದ ಕಾಲದಲ್ಲೇ, 1816 ಮತ್ತು 1822ರಲ್ಲಿ, ಪೂರ್ವ ಇಂಗ್ಲೆಂಡಿನ ಕೂಲಿಗಳು ಹಸಿವಿನಿಂದ ದಂಗೆಯೆದ್ದು ಬಣವೆಗಳಿಗೆ ಬೆಂಕಿಯಿಟ್ಟಿದ್ದರು, ಒಕ್ಕಣೆಯ ಯಂತ್ರಗಳನ್ನು ಮುರಿದಿದ್ದರು. ಕಾನ್‌ಸ್ಟೆಬಲ್‌ನ ಗದ್ದೆಗಳಲ್ಲಿ ಆ ಬೆಂಕಿ ಕಾಣುವುದಿಲ್ಲ. ಕೂಲಿಗಳು ದೂರದಲ್ಲಿ, ಮುಖವಿಲ್ಲದೆ, ತಮ್ಮಷ್ಟಕ್ಕೆ ದುಡಿಯುತ್ತಿರುತ್ತಾರೆ. ಅವನು ಧಣಿಯ ಮಗ, ರಾಜಕೀಯದಲ್ಲಿ ಸಂಪ್ರದಾಯವಾದಿ; 1832ರ ಮತದಾನ ಸುಧಾರಣೆಯನ್ನೂ ವಿರೋಧಿಸಿದವನು. ಮೋಡದ ಒಂದೊಂದು ಪದರವನ್ನೂ ಕಂಡ ಕಣ್ಣಿಗೆ ಇದು ಕಾಣದೇ ಹೋಯಿತೆ ಎಂದು ಈಚಿನ ವಿಮರ್ಶಕರು ಕೇಳಿರುವುದು ನ್ಯಾಯವೇ.

1828ರ ಜನವರಿಯಲ್ಲಿ ಏಳನೆಯ ಮಗು ಹುಟ್ಟಿತು. ಅದೇ ವರ್ಷ ನವೆಂಬರ್ 23ರಂದು ಮರಿಯಾ ತೀರಿಕೊಂಡಳು. ಅವಳ ತಂದೆಯಿಂದ ದೊಡ್ಡ ಮೊತ್ತದ ಆಸ್ತಿ ಬಂದು ಹಣದ ಚಿಂತೆ ನೀಗಿದ್ದು ಅದೇ ವರ್ಷ. ಮೂರು ತಿಂಗಳೂ ಕಳೆದಿರಲಿಲ್ಲ, 1829ರ ಫೆಬ್ರವರಿಯಲ್ಲಿ ಒಂದೇ ಮತದ ಅಂತರದಿಂದ ಅಕಾಡೆಮಿಯ ಪೂರ್ಣ ಸದಸ್ಯತ್ವ ದೊರೆಯಿತು. ಐವತ್ತೆರಡು ವರ್ಷ ಕಾದು ಪಡೆದದ್ದು, ಹಂಚಿಕೊಳ್ಳಬೇಕಾದವಳು ಇರಲಿಲ್ಲ. ಕಾನ್‌ಸ್ಟೆಬಲ್ ಮುಂದೆ ಕಪ್ಪು ಬಟ್ಟೆಯನ್ನು ಬಿಡಲಿಲ್ಲವಂತೆ. ಏಳು ಮಕ್ಕಳನ್ನು ಸಾಕುವ ಹೊಣೆಯೂ ಅವನೊಬ್ಬನದೇ. ಆ ವರ್ಷ ಪ್ರದರ್ಶಿಸಿದ ‘ಹ್ಯಾಡ್ಲಿ ಕೋಟೆ’ಯಲ್ಲಿ ಹಸಿರಿಲ್ಲ, ಗಿರಣಿಯಿಲ್ಲ. ಬಿರುಗಾಳಿ ಕಳೆದ ಬೆಳಗಿನಲ್ಲಿ ಸೀಳಿಬಿಟ್ಟ ಗೋಪುರವೊಂದು ಸಮುದ್ರದ ಎದುರು ನಿಂತಿದೆ. 1831ರಲ್ಲಿ ಸಾಲ್ಸ್‌ಬರಿ ಚರ್ಚಿನ ಮೇಲೆ ಕಪ್ಪು ಮೋಡ ಕವಿದ ಚಿತ್ರ ಬರೆದು ಅದರ ಸುತ್ತ ಕಾಮನಬಿಲ್ಲು ಬಾಗಿಸಿದ. ಬಿಲ್ಲಿನ ತುದಿ ಮುಟ್ಟುವುದು ಗೆಳೆಯ ಫಿಷರ್‌ನ ಮನೆಯನ್ನು. ಈ ಸಲ ಮೋಡ ತೆಗೆ ಎನ್ನಲು ಬಿಷಪ್ ಇರಲಿಲ್ಲ. 2013ರಲ್ಲಿ ಟೇಟ್ ಗ್ಯಾಲರಿ ಈ ಚಿತ್ರವನ್ನು ಕೊಂಡದ್ದು 2.31 ಕೋಟಿ ಪೌಂಡಿಗೆ.

ಟರ್ನರ್ ಜೊತೆಗಿನ ಜಟಾಪಟಿ ಕೊನೆಯವರೆಗೂ ನಿಲ್ಲಲಿಲ್ಲ. 1832ರ ಪ್ರದರ್ಶನದಲ್ಲಿ ಕಾನ್‌ಸ್ಟೆಬಲ್‌ನ ಕೆಂಪು ಬಾವುಟಗಳ ‘ವಾಟರ್ಲೂ ಸೇತುವೆ’ಯ ಪಕ್ಕ ಟರ್ನರ್‌ನ ಬೂದುಬಣ್ಣದ ಕಡಲಿನ ಚಿತ್ರ ತೂಗಿತ್ತು. ಟರ್ನರ್ ಬಂದು ಎರಡನ್ನೂ ನೋಡಿದ, ತನ್ನ ಕಡಲಿನ ನಡುವೆ ನಾಣ್ಯದಗಲದ ಒಂದು ಕೆಂಪು ಚುಕ್ಕೆ ಇಟ್ಟು ಮಾತಿಲ್ಲದೆ ಹೋದ. ಪಕ್ಕದ ಚಿತ್ರ ಸಪ್ಪೆಯಾಯಿತು. ಟರ್ನರ್ ಬಂದು ಗುಂಡು ಹಾರಿಸಿ ಹೋದ ಎಂದು ಕಾನ್‌ಸ್ಟೆಬಲ್ ಗೊಣಗಿದನಂತೆ.

ಅದೇ ವರ್ಷ ಸಫೊಕ್ ಕಡೆಯ ಕೋಚು ಗಾಡಿಯಲ್ಲಿ ಹೋಗುತ್ತ ಕಾನ್‌ಸ್ಟೆಬಲ್ ಹೊರಗಿನ ನೋಟ ಚೆನ್ನಾಗಿದೆಯೆಂದು ಪಕ್ಕದವನಿಗೆ ಹೇಳಿದ. ಹೌದು ಸ್ವಾಮಿ, ಇದು ಕಾನ್‌ಸ್ಟೆಬಲ್‌ನ ಸೀಮೆ ಎಂದು ಆ ಅಪರಿಚಿತ ಉತ್ತರಿಸಿದ. ಮಾತು ಇನ್ನೂ ಮುಂದುವರಿದು ಕೆಡದಿರಲೆಂದು ತಾನು ಯಾರೆಂಬುದನ್ನು ಅವನು ಒಡನೆಯೇ ಹೇಳಿಬಿಟ್ಟ.

1837ರ ಮಾರ್ಚ್ 31ರ ರಾತ್ರಿ ಕಾನ್‌ಸ್ಟೆಬಲ್ ತೀರಿಕೊಂಡ. ಅಂದು ಕೈಯಲ್ಲಿದ್ದ ಚಿತ್ರವೂ ಒಂದು ಗಿರಣಿಯದೇ, ‘ಅರಂಡಲ್ ಗಿರಣಿ ಮತ್ತು ಕೋಟೆ’. ಹ್ಯಾಂಪ್‌ಸ್ಟೆಡ್‌ನಲ್ಲಿ ಮರಿಯಾಳ ಸಮಾಧಿಯಲ್ಲೇ ಅವನನ್ನೂ ಇಟ್ಟರು. ಆ ವರ್ಷ ಸ್ನೇಹಿತರು ಚಂದಾ ಎತ್ತಿ ‘ಕಾರ್ನ್‌ಫೀಲ್ಡ್’ ಚಿತ್ರವನ್ನು ಕೊಂಡು ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಕೊಟ್ಟರು. ‘ಹೇ ವೇನ್’ ಅದೇ ಗ್ಯಾಲರಿಯನ್ನು ಸೇರಲು 1886 ಬರಬೇಕಾಯಿತು. ಫ್ಲ್ಯಾಟ್‌ಫರ್ಡ್‌ನ ಗಿರಣಿ ಮಾತ್ರ ಹಿಟ್ಟು ಬೀಸುವುದನ್ನು ಎಂದೋ ನಿಲ್ಲಿಸಿತು. 1946ರಲ್ಲಿ ಅಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಅಧ್ಯಯನ ಕೇಂದ್ರ ತೆರೆಯಿತು. ಶಾಲೆ ಕಾಲೇಜುಗಳ ಹುಡುಗ ಹುಡುಗಿಯರು ನೋಟ್‌ಬುಕ್ ಹಿಡಿದು ಬಂದು, ಅದೇ ಹೊಳೆಯ ದಡದಲ್ಲಿ ಗಿಡ, ಹುಳು, ನೀರು, ಹವೆಗಳ ವಿವರ ಬರೆದುಕೊಂಡು ಹೋಗತೊಡಗಿದರು.